ಮದುವೆ, ಮನೆಯವರ ಫೋಟೋ, ಕಿರುಚಿತ್ರ: ಮೂರನ್ನೂ ಮಾಡುವ ಒಬ್ಬ ಫೋಟೋಗ್ರಾಫರ್ ಬಗ್ಗೆ

ಮದುವೆಗೆ ಫೋಟೋಗ್ರಾಫರ್ ಹುಡುಕುತ್ತಿರುವವರಿಗೆ ಮೊದಲೇ ಒಂದು ಮಾತು. ಇನ್‌ಸ್ಟಾಗ್ರಾಂನಲ್ಲಿ ಆರಿಸಿ ಹಾಕಿರುವ ಚೆಂದದ ಫೋಟೋ ನೋಡಿ ಬುಕ್ ಮಾಡಬೇಡಿ. ಒಂದು ಮದುವೆಯ ಪೂರ್ತಿ ಫೋಟೋಗಳನ್ನು ತೋರಿಸಿ ಅಂತ ಕೇಳಿ. ತಂಗಿ ಮದುವೆಗೆ ನಾವು ಹಾಗೆ ಕೇಳಿದಾಗ ಹೆಚ್ಚಿನವರು ಹೈಲೈಟ್ಸ್ ವಿಡಿಯೋ ಕಳಿಸಿ ಸುಮ್ಮನಾದರು. ಇವರು ಮಾತ್ರ ಒಂದು ಹಳೆಯ ಮದುವೆಯ ಜೋಡಿಯ ಒಪ್ಪಿಗೆ ತೆಗೆದುಕೊಂಡು ಇಡೀ ಗ್ಯಾಲರಿಯನ್ನೇ ತೋರಿಸಿದರು. ಅದರಲ್ಲಿ ಬೆಳಕೇ ಇಲ್ಲದ ಹಾಲ್‌ನಲ್ಲಿ ತೆಗೆದದ್ದೂ ಇತ್ತು, ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ತೆಗೆದದ್ದೂ ಇತ್ತು. ನಂಬಿಕೆ ಬಂದದ್ದು ಅಲ್ಲೇ.

ಇವರು ಮದುವೆ, ಫ್ಯಾಮಿಲಿ ಫೋಟೋ, ಕಿರುಚಿತ್ರ ಮೂರನ್ನೂ ಮಾಡುತ್ತಾರೆ. ಎಲ್ಲವನ್ನೂ ಮಾಡುವವರು ಯಾವುದನ್ನೂ ನೆಟ್ಟಗೆ ಮಾಡಲ್ಲ ಅಂತ ನಮ್ಮ ಮನೆಯಲ್ಲೇ ಅನುಮಾನ ಇತ್ತು. ನನ್ನ ಪ್ರಕಾರ ಇವರ ಕೆಲಸ ಚೆನ್ನಾಗಿರುವುದೇ ಮೂರನ್ನೂ ಮಾಡುವುದರಿಂದ.

ತಂಗಿ ರೆಡಿಯಾಗುತ್ತಿದ್ದ ಕೋಣೆಯನ್ನೇ ತಗೊಳ್ಳಿ. ಒಳಗೆ ಬಂದವರು ಕ್ಯಾಮೆರಾ ಎತ್ತಲೇ ಇಲ್ಲ, ಮೊದಲು ಹಳದಿ ಬಲ್ಬ್ ಆರಿಸಿ ಕುರ್ಚಿಯನ್ನು ಕಿಟಕಿ ಪಕ್ಕಕ್ಕೆ ಎಳೆಸಿದರು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಹೆಚ್ಚಿದಷ್ಟೂ ನೀಲಿ: ಹಳದಿ ಬಲ್ಬಿನ ಬೆಳಕು ಸುಮಾರು 3000 ಕೆಲ್ವಿನ್, ಹಗಲು ಬೆಳಕು ಸುಮಾರು 5500. ಎರಡೂ ಒಟ್ಟಿಗೆ ಮುಖಕ್ಕೆ ಬಿದ್ದರೆ ಒಂದು ಕೆನ್ನೆ ಹಳದಿ, ಇನ್ನೊಂದು ನೀಲಿ. ಆಮೇಲೆ ಕಂಪ್ಯೂಟರಲ್ಲಿ ಒಂದನ್ನು ಸರಿ ಮಾಡಲು ಹೋದರೆ ಇನ್ನೊಂದು ಕೆಡುತ್ತದೆ. ಅಲ್ಲಿ ತೆಗೆದ ಮೂರು ಫೋಟೋಗಳನ್ನು ಆಲ್ಬಮ್‌ನಲ್ಲಿ ಒಂದರ ಪಕ್ಕ ಒಂದು ಇಟ್ಟಿದ್ದಾರೆ. ಮೊದಲನೆಯದರಲ್ಲಿ ಇಡೀ ಕೋಣೆ, ಬಾಗಿಲಲ್ಲಿ ಅಪ್ಪ. ಎರಡನೆಯದರಲ್ಲಿ ಕನ್ನಡಿಯಲ್ಲಿ ಕಾಣುವ ತಂಗಿಯ ಮುಖ. ಮೂರನೆಯದರಲ್ಲಿ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಿರುವ ಅಪ್ಪನ ಕೈ ಮಾತ್ರ. ಸಿನಿಮಾದಲ್ಲಿ ಸೀನ್ ಕಟ್ಟುವುದು ಹೀಗೇ ಅಲ್ವಾ? ಅಪ್ಪ ಒಳಗೆ ಬರಲೂ ಆಗದೆ ಹೊರಗೆ ಹೋಗಲೂ ಆಗದೆ ನಿಂತಿದ್ದರು ಅನ್ನುವುದು ನಮಗ್ಯಾರಿಗೂ ಆ ಹೊತ್ತಿನಲ್ಲಿ ಗೊತ್ತೇ ಆಗಿರಲಿಲ್ಲ.

ಮದುವೆ ವಿಡಿಯೋ ಇನ್ನೂ ಇಷ್ಟವಾಯಿತು, ಮುಖ್ಯವಾಗಿ ಅದರ ಸದ್ದಿನಿಂದಾಗಿ. ಸಾಮಾನ್ಯವಾಗಿ ಮೊದಲಿಂದ ಕೊನೆತನಕ ಒಂದು ಹಾಡು ಹಾಕಿ ಮುಗಿಸಿಬಿಡುತ್ತಾರೆ, ಯಾರ ದನಿಯೂ ಉಳಿಯುವುದಿಲ್ಲ. ಇವರು ಅಪ್ಪನ ಅಂಗಿಗೆ ಚಿಕ್ಕ ಕಾಲರ್ ಮೈಕ್ ಸಿಕ್ಕಿಸಿ ಜೇಬಿನಲ್ಲಿ ರೆಕಾರ್ಡರ್ ಇಟ್ಟಿದ್ದರು. ವಿಡಿಯೋ ಶುರುವಾಗುವಾಗ ಪರದೆ ಕಪ್ಪು. "ಗಾಡಿ ಬಂತಾ ನೋಡೋ" ಅನ್ನುವ ಅಪ್ಪನ ದನಿ ಕೇಳುತ್ತದೆ, ಆಮೇಲೆ ಚಿತ್ರ ಬರುತ್ತದೆ. ಹೀಗೆ ಸದ್ದು ಮೊದಲು, ಚಿತ್ರ ಆಮೇಲೆ ಬರುವುದಕ್ಕೆ ಎಡಿಟಿಂಗ್‌ನಲ್ಲಿ ಜೆ ಕಟ್ ಅಂತಾರೆ. ಹಾಲ್ ಒಳಗೆ ಸ್ಲೋ ಮೋಷನ್ ಕಡಿಮೆ ಇರಲಿ ಅಂತ ಅವರೇ ಹೇಳಿದರು. 50 ಹರ್ಟ್ಸ್ ಕರೆಂಟ್ ಇರುವ ಕಡೆ ಅಗ್ಗದ ಎಲ್‌ಇಡಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಸೆಕೆಂಡಿಗೆ 25 ಫ್ರೇಮ್ (ಚಿತ್ರ) ತೆಗೆಯುವಾಗ ಶಟರ್ 1/50 ಸೆಕೆಂಡ್ ತೆರೆದಿರುವಂತೆ ಇಟ್ಟರೆ ಅದು ಕಾಣಲ್ಲ, ಆದರೆ ಸ್ಲೋ ಮೋಷನ್‌ಗಾಗಿ ಸೆಕೆಂಡಿಗೆ 120 ಫ್ರೇಮ್‌ಗೆ ಹೋದರೆ ಬೆಳಕು ಪಟಪಟ ಅನ್ನುವುದು ಎದ್ದು ಕಾಣುತ್ತದೆ.

ಮನೆಯವರ ಗ್ರೂಪ್ ಫೋಟೋದಲ್ಲೂ ಅದೇ ಶ್ರದ್ಧೆ. ಎಫ್ ಅಂದರೆ ಲೆನ್ಸ್ ಎಷ್ಟು ತೆರೆದಿದೆ ಅನ್ನುವ ಅಳತೆ, ಅಂಕಿ ದೊಡ್ಡದಾದಷ್ಟೂ ಹಿಂದಿನವರೂ ಸ್ಪಷ್ಟವಾಗಿ ಬರುತ್ತಾರೆ. ಹಿಂದೆಲ್ಲ ಮಸುಕಾಗಿ ಬರುವ ಎಫ್ 1.8 ಇಲ್ಲಿ ಕೆಲಸಕ್ಕೆ ಬರಲ್ಲ. ಮೂರು ಸಾಲು ಜನ ಇದ್ದದ್ದಕ್ಕೆ ಎಫ್ 8 ಇಟ್ಟರು, ಹಿಂದಿನ ಸಾಲಿನ ಚಿಕ್ಕಪ್ಪನ ಮುಖವೂ ಸ್ಪಷ್ಟ. ಮಕ್ಕಳನ್ನು "ನಗು, ನಗು" ಅಂತ ಪೀಡಿಸಲಿಲ್ಲ. ನೆಲದ ಮೇಲೆ ಕೂತು ಅವರ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಿ, ಕ್ಯಾಮೆರಾ ಇರುವುದನ್ನೇ ಮಕ್ಕಳು ಮರೆಯುವ ತನಕ ಕಾದರು.

ಕಿರುಚಿತ್ರದ ವಿಷಯದಲ್ಲಿ ಅಷ್ಟು ಹೊಗಳಲಾರೆ. ನನ್ನ ಗೆಳೆಯನ ಚಿತ್ರಕ್ಕೆ ಇವರೇ ಕ್ಯಾಮೆರಾ ಮಾಡಿದ್ದು. ಚಿತ್ರಗಳು ಸೊಗಸು, ನಟ ಎದ್ದು ಹೋದ ಮೇಲೂ ಖಾಲಿ ಕುರ್ಚಿಯ ಮೇಲೆ ಕ್ಯಾಮೆರಾ ನಿಲ್ಲಿಸುವ ಧೈರ್ಯ ಎಲ್ಲರಿಗೂ ಇರಲ್ಲ. ಆದರೆ ಹೊರಗೆ ತೆಗೆದ ಒಂದು ಸೀನ್‌ನಲ್ಲಿ ಗಾಳಿ ಸದ್ದು ಜಾಸ್ತಿಯಾಗಿ ಡಬ್ ಮಾಡಬೇಕಾಯಿತು, ಮಾತು ತುಟಿಗೆ ಕೂತಿಲ್ಲ.

ಇನ್ನೊಂದು ತಕರಾರು ಬಣ್ಣದ್ದು. ಎಲ್ಲ ಫೋಟೋಗೂ ಒಂದೇ ಕಂದು ಛಾಯೆ ಕೊಡುವ ಅಭ್ಯಾಸ ಇವರಿಗಿದೆ. ತಂಗಿಯ ಕಡುಹಸಿರು ಬಟ್ಟೆ ಒಣಗಿದ ಎಲೆಯಂತೆ ಬಂದಿತ್ತು. ಹೇಳಿದ ಮೇಲೆ ಬೇಸರ ಮಾಡಿಕೊಳ್ಳದೆ ಸರಿ ಮಾಡಿಕೊಟ್ಟರು, ಕ್ಯಾಮೆರಾ ಹಿಡಿದ ಮಾಹಿತಿಯೆಲ್ಲ ಹಾಗೇ ಉಳಿಯುವ ರಾ ಫೈಲ್ ಇದ್ದದ್ದರಿಂದ ಅಸಲಿ ಹಸಿರು ಹಾಗೇ ವಾಪಸ್ ಬಂತು. ಆಲ್ಬಮ್ ಮಾತ್ರ ತುಂಬ ತಡ. ಹೇಳಿದ ತಾರೀಖು ದಾಟಿತು, ನಾವೇ ಮತ್ತೆ ಮತ್ತೆ ಫೋನ್ ಮಾಡಬೇಕಾಯಿತು. ಮದುವೆಯಾದವರಿಗೆ ಆ ಕಾಯುವಿಕೆ ಎಷ್ಟು ಕಷ್ಟ ಅನ್ನುವುದನ್ನು ಇವರು ಅರ್ಥ ಮಾಡಿಕೊಳ್ಳಬೇಕು.

ಕೆಲಸದ ಗುಣಕ್ಕೆ ಐದರಲ್ಲಿ ನಾಲ್ಕೂವರೆ, ಸಮಯಕ್ಕೆ ಎರಡು. ನೀವು ಕರೆಯುವುದಾದರೆ ಆಲ್ಬಮ್ ಕೊಡುವ ತಾರೀಖನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ. ಎಡಿಟ್ ಮಾಡಿದ ಫೋಟೋ ಎಷ್ಟು ಕೊಡುತ್ತಾರೆ, ಬಣ್ಣ ಹೇಗಿರಬೇಕು ಅನ್ನುವುದನ್ನೂ ಮೊದಲೇ ಮಾತಾಡಿ. ಬ್ಯಾಕಪ್ ಬಗ್ಗೆ ಚಿಂತೆ ಬೇಡ, ಇವರ ಕ್ಯಾಮೆರಾದಲ್ಲಿ ಪ್ರತಿ ಫೋಟೋವೂ ಒಟ್ಟಿಗೇ ಎರಡು ಕಾರ್ಡಿಗೆ ಹೋಗುತ್ತದೆ. ಬೇರೆಯವರನ್ನು ಕರೆದರೂ ಅದೊಂದನ್ನು ಕೇಳಿ ನೋಡಿ.