ಹಿಮ್ಮೇಳವಿಲ್ಲದ ಹಾಡು: ನಿಕ್ ಡ್ರೇಕ್‌ನ ‘ಪಿಂಕ್ ಮೂನ್’

ಇಂಗ್ಲೆಂಡಿನ ನಿಕ್ ಡ್ರೇಕ್ ತಾನೇ ಪದ ಕಟ್ಟಿ, ತಾನೇ ಗಿಟಾರ್ ನುಡಿಸಿ ಹಾಡಿದ ‘ಪಿಂಕ್ ಮೂನ್’ ಎಂಬ ಆಲ್ಬಂ 1972ರ ಫೆಬ್ರುವರಿಯಲ್ಲಿ ಐಲ್ಯಾಂಡ್ ರೆಕಾರ್ಡ್ಸ್ ಮೂಲಕ ಹೊರಬಂತು. ಅದರಲ್ಲಿರುವುದು 11 ಹಾಡುಗಳು, ಒಟ್ಟು ಅವಧಿ ಸುಮಾರು 28 ನಿಮಿಷ. ಶೀರ್ಷಿಕೆಯ ಹಾಡಿನ ನಡುವೆ ಸ್ವಲ್ಪ ಹೊತ್ತು ಕೇಳಿಬರುವ ಪಿಯಾನೊವನ್ನು ಬಿಟ್ಟರೆ ಮೊದಲಿನಿಂದ ಕೊನೆಯವರೆಗೂ ಒಂದು ಕೊರಳು ಮತ್ತು ಒಂದು ಅಕೂಸ್ಟಿಕ್ ಗಿಟಾರ್ ಮಾತ್ರ. ಕಲಬುರಗಿಯಲ್ಲಿ ಗಿಟಾರ್ ಕಲಿತು ಸ್ವಂತ ಹಾಡು ಕಟ್ಟಲು ಹೊರಟಿರುವ ಎಳೆಯರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ, ಏಕೆಂದರೆ ಅವರು ಕೇಳಲೇಬೇಕಾದ ಆಲ್ಬಂ ಇದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ಭಾಗದ ಕಿವಿಗೆ ದುಃಖದ ಹಾಡು ಹೊಸದಲ್ಲ. ಮೊಹರಂ ಬಂದಾಗ ಕರ್ಬಲಾದ ಕಥೆಯನ್ನು ಕನ್ನಡದಲ್ಲಿಯೇ ಹೇಳುವ ರಿವಾಯತ್ ಪದಗಳನ್ನು ಹಿಂದೂ ಮುಸಲ್ಮಾನರೆನ್ನದೆ ಊರಿನವರು ಕೂಡಿ ಹಾಡುತ್ತಾರೆ. ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಏಕತಾರಿ, ದಮ್ಮಡಿಗಳೊಂದಿಗೆ ಇಂದಿಗೂ ಭಜನೆಗಳಲ್ಲಿ ಸರಿರಾತ್ರಿಯವರೆಗೂ ನಡೆಯುತ್ತವೆ. ಆದರೆ ಅಲ್ಲೆಲ್ಲ ಮುಂದಾಗಿ ಹಾಡುವವನು ಒಂದು ನುಡಿಯನ್ನು ಎತ್ತಿಕೊಟ್ಟರೆ ಹಿಮ್ಮೇಳದವರು ಅದನ್ನು ಹಿಡಿದುಕೊಳ್ಳುತ್ತಾರೆ, ಪಲ್ಲವಿ ಮರಳಿ ಬಂದಾಗಲೆಲ್ಲ ಕೂತವರೆಲ್ಲರ ಕೊರಳು ಸೇರಿ ಆ ಭಾರ ಹಂಚಿಹೋಗುತ್ತದೆ. ಡ್ರೇಕ್ ಎತ್ತಿಕೊಟ್ಟ ಸಾಲನ್ನು ಹಿಡಿದುಕೊಳ್ಳುವವರು ಯಾರೂ ಇಲ್ಲ. ಈ ಆಲ್ಬಮ್ಮಿನಲ್ಲಿ ಕೇಳುಗರಿಗೆ ಕಾಣುವ ಕತ್ತಲು ಅದರ ಪದಗಳಿಗಿಂತ ಹೆಚ್ಚಾಗಿ ಈ ಒಂಟಿತನದಿಂದ ಹುಟ್ಟಿದೆ ಎಂದು ನನಗೆ ಅನ್ನಿಸುತ್ತದೆ.

ಆ ಒಂಟಿತನವನ್ನು ಅವನು ತಾನಾಗಿ ಆರಿಸಿಕೊಂಡಿದ್ದ. ಮೊದಲ ಆಲ್ಬಂ, 1969ರ ‘ಫೈವ್ ಲೀವ್ಸ್ ಲೆಫ್ಟ್’ನಲ್ಲಿ ರಾಬರ್ಟ್ ಕಿರ್ಬಿ ಸಂಯೋಜಿಸಿದ ಪಿಟೀಲು, ಚೆಲ್ಲೊಗಳ ಮೇಳವಿತ್ತು, 1971ರ ‘ಬ್ರೈಟರ್ ಲೇಟರ್’ನಲ್ಲಿ ಅದರ ಜೊತೆಗೆ ಡ್ರಮ್ಸ್, ಬೇಸ್ ಗಿಟಾರ್ ಎಲ್ಲವೂ ಸೇರಿದ್ದವು. ಅವೆರಡನ್ನೂ ನಿರ್ಮಿಸಿದವನು ಜೋ ಬಾಯ್ಡ್. ಮೂರನೆಯ ಆಲ್ಬಮ್ಮಿಗೆ ಡ್ರೇಕ್ ಇವರಾರನ್ನೂ ಕರೆಯಲಿಲ್ಲ. 1971ರ ಅಕ್ಟೋಬರಿನಲ್ಲಿ ಲಂಡನ್ನಿನ ಸೌಂಡ್ ಟೆಕ್ನಿಕ್ಸ್ ಸ್ಟುಡಿಯೊದಲ್ಲಿ, ಧ್ವನಿಮುದ್ರಣದ ಎಂಜಿನಿಯರ್ ಜಾನ್ ವುಡ್ ಒಬ್ಬನನ್ನೇ ಜೊತೆಗಿಟ್ಟುಕೊಂಡು, ಎರಡು ರಾತ್ರಿಗಳಲ್ಲಿ ಕೆಲಸ ಮುಗಿಸಿದ.

ಹಿಮ್ಮೇಳದ ಕೆಲಸವನ್ನು ಇಲ್ಲಿ ಗಿಟಾರ್ ವಹಿಸಿಕೊಂಡಿದೆ, ಆಲ್ಬಮ್ಮಿನ ನಿಜವಾದ ಸಾಮರ್ಥ್ಯವಿರುವುದೂ ಅಲ್ಲಿಯೇ. ಗಿಟಾರಿನ ತಂತಿಗಳನ್ನು ದಪ್ಪದಿಂದ ತೆಳುವಿನ ಕಡೆಗೆ ಇ–ಎ–ಡಿ–ಜಿ–ಬಿ–ಇ ಎಂದು ಶ್ರುತಿ ಮಾಡುವುದು ರೂಢಿ. ಶೀರ್ಷಿಕೆಯ ಹಾಡಿಗೆ ಡ್ರೇಕ್ ಅವನ್ನು ಸಿ–ಜಿ–ಸಿ–ಎಫ್–ಸಿ–ಇ ಎಂದು ಬದಲಿಸಿ, ಎರಡನೆಯ ಮನೆಯಲ್ಲಿ (ಫ್ರೆಟ್ಟಿನಲ್ಲಿ) ಕೇಪೊ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪು, ಹಾಕಿಕೊಂಡಿದ್ದಾನೆ. ಹಿಂದೂಸ್ತಾನಿ ಸಂಗೀತದ ಬಳಕೆಯಿರುವವರು ಇದನ್ನು ಬೇಗ ಹಿಡಿಯಬಲ್ಲರು: ಸಿ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡರೆ ಮೂರು ತಂತಿಗಳು ಬೇರೆ ಬೇರೆ ಸಪ್ತಕಗಳ ಷಡ್ಜದಲ್ಲಿ ನಿಲ್ಲುತ್ತವೆ, ಒಂದು ಪಂಚಮದಲ್ಲಿ, ಇನ್ನೆರಡು ಶುದ್ಧ ಮಧ್ಯಮ ಮತ್ತು ಶುದ್ಧ ಗಾಂಧಾರದಲ್ಲಿ. ಬಲಗೈಯ ಹೆಬ್ಬೆರಳು ದಪ್ಪ ತಂತಿಗಳಲ್ಲಿ ತಂಬೂರಿಯ ಹಾಗೆ ಸುರ್ ಹಿಡಿದಿರುತ್ತದೆ, ಉಳಿದ ಬೆರಳುಗಳು ತೆಳು ತಂತಿಗಳ ಮೇಲೆ ಹಾಡಿನ ಸಾಲಿಗೆ ಉತ್ತರ ಕೊಡುತ್ತವೆ. ‘ರೋಡ್’ ಎಂಬ ಹಾಡಿನಲ್ಲಿ ಈ ಬೆರಳಾಟ ಎಷ್ಟು ಚುರುಕಾಗಿದೆಯೆಂದರೆ ಇಬ್ಬರು ಕೂತು ನುಡಿಸುತ್ತಿದ್ದಾರೆಂದು ಅನುಮಾನ ಬರುತ್ತದೆ. ‘ಥಿಂಗ್ಸ್ ಬಿಹೈಂಡ್ ದ ಸನ್’ ಮೈನರ್ ಸ್ವರಗಳಲ್ಲಿ, ಅಂದರೆ ಕೋಮಲ ಗಾಂಧಾರದ ಬಣ್ಣದಲ್ಲಿ, ಮುಖ ತಗ್ಗಿಸಿಕೊಂಡು ಸಾಗಿ, ಪಲ್ಲವಿಗೆ ಬಂದಾಗ ಶುದ್ಧ ಗಾಂಧಾರದ ಮೇಜರ್‌ಗೆ ಹೊರಳುತ್ತದೆ. ಆ ಹೊರಳು ಆಲ್ಬಮ್ಮಿನ ಅತ್ಯಂತ ಸುಂದರವಾದ ಗಳಿಗೆ, ಅದೊಂದಕ್ಕಾಗಿಯೇ ನಾನು ಈ ಆಲ್ಬಮ್ಮನ್ನು ಯಾರಿಗೆ ಬೇಕಾದರೂ ಕೇಳಿಸಲು ಸಿದ್ಧ.

ಎಲ್ಲ ಹಾಡುಗಳೂ ಈ ಮಟ್ಟದಲ್ಲಿಲ್ಲ. ‘ಹಾರ್ನ್’ ಪದಗಳಿಲ್ಲದ ಒಂದು ಚಿಕ್ಕ ತುಣುಕು, ಅದು ಮೂಡಿ ನಿಲ್ಲುವ ಮೊದಲೇ ಮುಗಿಯುತ್ತದೆ. ‘ನೋ’ (Know) ಎಂಬುದರಲ್ಲಿ ಅದೇ ಕೆಲವು ಸ್ವರಗಳು ಸುತ್ತುತ್ತಲೇ ಇದ್ದು, ಎರಡನೆಯ ಸಲ ಕೇಳುವಾಗ ಬೇಸರ ತರುತ್ತದೆ. ಡ್ರೇಕ್ ಪದಗಳನ್ನು ಬಾಯೊಳಗೇ ಇಟ್ಟುಕೊಂಡು ಹಾಡುವುದರಿಂದ ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ಸಾಲುಗಳು ಕೈಗೆ ಸಿಗುವುದಿಲ್ಲ. ಪದಗಳನ್ನು ಮೊದಲೇ ಓದಿಕೊಂಡು ಕೂರುವುದು ಒಳ್ಳೆಯದು.

ಡ್ರೇಕ್ 1974ರ ನವೆಂಬರಿನಲ್ಲಿ, 26ನೆಯ ವಯಸ್ಸಿನಲ್ಲಿ, ಖಿನ್ನತೆಗೆ ಕೊಡುವ ಔಷಧಿಯ ಅತಿಸೇವನೆಯಿಂದ ತೀರಿಕೊಂಡ. ಆ ಕಾರಣಕ್ಕೆ ಈ ಆಲ್ಬಮ್ಮನ್ನು ಸಾವಿನ ಮುಂಚಿನ ವಿದಾಯಪತ್ರವೆಂಬಂತೆ ಕೇಳುವ ರೂಢಿ ಬೆಳೆದುಬಂದಿದೆ. ನಾನು ಅದನ್ನು ಒಪ್ಪುವುದಿಲ್ಲ. ಧ್ವನಿಮುದ್ರಣವಾದ ಮೇಲೆ ಅವನು ಮೂರು ವರ್ಷ ಬದುಕಿದ್ದ, 1974ರಲ್ಲಿ ಮತ್ತೆ ಸ್ಟುಡಿಯೊಗೆ ಹೋಗಿ ಹೊಸ ಹಾಡುಗಳನ್ನು ಹಾಡಿದ್ದ. ಈ ಆಲ್ಬಮ್ಮಿನ ಕೊನೆಯ ಹಾಡು ಬೆಳಗಿನ ಹಾಡು, ಅದರ ಒಂದು ಸಾಲನ್ನೇ ಅವನ ಸಮಾಧಿಯ ಕಲ್ಲಿನ ಮೇಲೆ ಕೆತ್ತಿಸಲಾಗಿದೆ. ಇಷ್ಟು ಎಚ್ಚರದಿಂದ ಶ್ರುತಿ ಕೂಡಿಸಿ, ಒಂದು ಬೆರಳೂ ತಪ್ಪದಂತೆ ನುಡಿಸಿದವನ ಕಸುಬನ್ನು ಬರೀ ರೋಗದ ಲಕ್ಷಣವೆಂದು ಓದುವುದು ಅವನಿಗೆ ಮಾಡುವ ಅನ್ಯಾಯ. ಬದುಕಿದ್ದಾಗ ಈ ಹಾಡುಗಳನ್ನು ಕೇಳಿದವರು ಕಡಿಮೆ. 1999ರಲ್ಲಿ ಫೋಕ್ಸ್‌ವ್ಯಾಗನ್ ಕಾರಿನ ಜಾಹೀರಾತಿಗೆ ಶೀರ್ಷಿಕೆಯ ಹಾಡನ್ನು ಬಳಸಿಕೊಂಡ ಬಳಿಕವೇ ಮಾರಾಟ ಏರಿತು.

ಕೊಳ್ಳುವವರಿಗೆ ಒಂದೆರಡು ಮಾತು. ಎಲ್‌ಪಿ ಬೇಕೆಂದರೆ ಆನ್‌ಲೈನಿನಲ್ಲಿ ತರಿಸಿಕೊಳ್ಳಬೇಕು, ಆದರೆ 28 ನಿಮಿಷದ ಸಂಗೀತಕ್ಕೆ ಆ ಬೆಲೆ ಕೊಡುವುದು ಸಂಗ್ರಹದ ಹವ್ಯಾಸವಿದ್ದವರಿಗೆ ಮಾತ್ರ ಸರಿ. ಉಳಿದವರಿಗೆ ಮೊಬೈಲ್ ಮತ್ತು ಒಂದು ಒಳ್ಳೆಯ ಹೆಡ್‌ಫೋನ್ ಸಾಕು. ಮೊಬೈಲಿನ ಸ್ಪೀಕರಿನಲ್ಲಿ ಮಾತ್ರ ಕೇಳಬಾರದು, ಅದರಲ್ಲಿ ದಪ್ಪ ತಂತಿಯ ಸ್ವರ ಕಳೆದುಹೋಗಿ ಅರ್ಧ ಸಂಗೀತವೇ ಇಲ್ಲವಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಫ್ಯಾನ್ ನಿಲ್ಲಿಸಿ ಕೂರುವುದು ಕಷ್ಟವಾದ್ದರಿಂದ ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಉತ್ತಮ. ಗಿಟಾರ್ ಕಲಿಯುತ್ತಿರುವವರು ‘ರೋಡ್’ಗೆ ಕೈ ಹಾಕದೆ ಶೀರ್ಷಿಕೆಯ ಹಾಡಿನಿಂದ ಆರಂಭಿಸಬೇಕು. ಶ್ರುತಿ ಇಳಿಸಿದಾಗ ಹಗುರ ಸೆಟ್ಟಿನ ದಪ್ಪ ತಂತಿ ಸಡಿಲಗೊಂಡು ಫ್ರೆಟ್ಟಿಗೆ ಬಡಿದುಕೊಳ್ಳುವುದರಿಂದ ಸ್ವಲ್ಪ ಭಾರದ ತಂತಿಗಳ ಸೆಟ್ ಹಾಕಿಸಿಕೊಳ್ಳಬೇಕು. ಬಿ ತಂತಿಯನ್ನು ಮಾತ್ರ ಇಳಿಸುವ ಬದಲು ಅರ್ಧ ಸ್ವರ ಏರಿಸಬೇಕಾಗಿರುವುದರಿಂದ ಅದನ್ನು ನಿಧಾನವಾಗಿ ಬಿಗಿಯಬೇಕು.