ಅಲೈನ್‌ಮೆಂಟ್ ಪ್ರಿಂಟ್ ನಂಬಿ ಕೂರಬೇಡಿ, ಟೈರ್‌ನ ಒಳಗಡೆ ಅಂಚು ನೋಡಿ

ಕಾರು ಇಟ್ಟುಕೊಂಡಿರುವವರಿಗೆಲ್ಲ ಒಂದು ಮಾತು. ಇವತ್ತು ಬಿಡುವಾದಾಗ ಗಾಡಿ ಹತ್ತಿರ ಹೋಗಿ. ಸ್ಟೀರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ. ಮುಂದಿನ ಎರಡೂ ಟೈರ್‌ಗಳ ಒಳಗಡೆ ಅಂಚನ್ನು, ಅಂದರೆ ಎಂಜಿನ್ ಕಡೆಗಿರುವ ಅಂಚನ್ನು, ಬಗ್ಗಿ ನೋಡಿ. ಬಗ್ಗೋಕೆ ಆಗದಿದ್ದರೆ ಮೊಬೈಲ್ ಒಳಗೆ ಹಿಡಿದು ಒಂದು ಫೋಟೋ ತೆಗೆಯಿರಿ. ಪಕ್ಕದಲ್ಲಿ ನಿಂತು ನೋಡಿದರೆ ಈ ಭಾಗ ಕಾಣಿಸುವುದೇ ಇಲ್ಲ.

ನಮ್ಮ ಕಾರಿನಲ್ಲಿ ಹಾಳಾಗಿದ್ದು ಆ ಭಾಗವೇ. ಅದೂ ದುಡ್ಡು ಕೊಟ್ಟು ಅಲೈನ್‌ಮೆಂಟ್ ಮಾಡಿಸಿ, ಅಂದರೆ ಚಕ್ರಗಳು ನಿಂತಿರುವ ದಿಕ್ಕು, ಓರೆ ಅಳೆದು ಸರಿ ಮಾಡಿಸಿ, ಅಳತೆ ಎಲ್ಲಾ ಸರಿ ಇದೆ ಅಂತ ಹಸಿರು ಬಣ್ಣದಲ್ಲಿ ತೋರಿಸುವ ಪ್ರಿಂಟ್ ಕೈಗೆ ತೆಗೆದುಕೊಂಡು ಬಂದ ಮೇಲೆ.

ನಮ್ಮದು ಹಾಸನ. ಮಳೆಗಾಲದಲ್ಲಿ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಿ ವಾಪಸ್ ಬರುತ್ತಿದ್ದೆವು. ಕಾರಿನಲ್ಲಿ ಅಮ್ಮ, ಹೆಂಡತಿ, ಮಕ್ಕಳು. ಗುಂಡ್ಯ ದಾಟಿ ಶಿರಾಡಿ ಘಾಟ್ ಹತ್ತುತ್ತಿದ್ದಾಗ ಸ್ಟೀರಿಂಗ್ ಇದ್ದಕ್ಕಿದ್ದ ಹಾಗೆ ಎಡಕ್ಕೆ ಎಳೆಯತೊಡಗಿತು. ಎರಡೇ ಕ್ಷಣದಲ್ಲಿ ದಬದಬ ಸದ್ದು. ಮುಂದಿನ ಎಡಗಡೆ ಟೈರ್‌ನ ಗಾಳಿ ಪೂರ್ತಿ ಹೋಗಿತ್ತು. ನಿಂತಿದ್ದು ತಿರುವಿನ ಹತ್ತಿರ. ಮಂಗಳೂರಿನಿಂದ ಬರುವ ಟ್ಯಾಂಕರ್‌ಗಳು ಒಂದರ ಹಿಂದೆ ಒಂದು ಹತ್ತುತ್ತಿದ್ದವು, ಮೇಲಿನಿಂದ ಬಸ್ಸುಗಳು ಇಳಿಯುತ್ತಿದ್ದವು. ಅಮ್ಮನನ್ನೂ ಮಕ್ಕಳನ್ನೂ ಇಳಿಸಿ, ಮಳೆಯಲ್ಲೇ ರಸ್ತೆಯಿಂದ ದೂರ ನಿಲ್ಲಿಸಬೇಕಾಯಿತು. ಹತ್ತುವ ರಸ್ತೆಯಾಗಿದ್ದಕ್ಕೆ ವೇಗ ಕಡಿಮೆ ಇತ್ತು. ಇದೇ ಇಳಿಯುವಾಗ ಆಗಿದ್ದರೆ ಅಂತ ಯೋಚಿಸಿದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಒಬ್ಬ ಲಾರಿ ಡ್ರೈವರ್ ಗಾಡಿ ಪಕ್ಕಕ್ಕೆ ಹಾಕಿ ಇಳಿದು ಬಂದರು. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಸ್ಟೆಪ್ನಿ ಹಾಕೋಕೆ ಕೈ ಜೋಡಿಸಿದರು. ಬಿಚ್ಚಿದ ಟೈರನ್ನು ಮಗುಚಿ ಹಾಕಿದಾಗ ಇಬ್ಬರಿಗೂ ಮಾತೇ ಹೊರಡಲಿಲ್ಲ. ಹೊರಗಡೆ ಅಂಚಿನಲ್ಲಿ ಗ್ರಿಪ್ ಚೆನ್ನಾಗಿತ್ತು, ಮಧ್ಯದಲ್ಲೂ ಇತ್ತು. ಒಳಗಡೆ ಮಾತ್ರ ಎರಡು ಬೆರಳು ಅಗಲಕ್ಕೆ ಸುತ್ತಲೂ ನುಣ್ಣಗೆ ಬೋಳು. ಅದರ ತುದಿಯಲ್ಲಿ ರಬ್ಬರ್ ಪೂರ್ತಿ ಹೋಗಿ ಒಳಗಿನ ತಂತಿ ಎದ್ದಿತ್ತು. ಕೈ ಸವರಿದರೆ ಚುಚ್ಚುತ್ತಿತ್ತು.

"ಅಣ್ಣ, ಇದು ಮೊಳೆ ಚುಚ್ಚಿದ ಪಂಕ್ಚರ್ ಅಲ್ಲ. ಒಳಗಡೆ ತಿಂದು ತಿಂದು ತಂತಿ ಬಂದುಬಿಟ್ಟಿದೆ. ಆ ಕಡೆದೂ ನೋಡಿ" ಅಂದರು.

ಬಲಗಡೆಯದೂ ಅದೇ ಕಥೆ. ತಂತಿ ಇನ್ನೂ ಹೊರಗೆ ಬಂದಿರಲಿಲ್ಲ, ಅಷ್ಟೇ. ನಿಧಾನಕ್ಕೆ ಸಕಲೇಶಪುರದವರೆಗೆ ಬಂದು ಎರಡು ಹೊಸ ಟೈರ್ ಹಾಕಿಸಿಕೊಂಡೆವು. ಹಾಳಾದ ಆ ಟೈರ್‌ಗಳಿಗೆ ಒಂದು ವರ್ಷವೂ ತುಂಬಿರಲಿಲ್ಲ.

ಇದಕ್ಕೆ ಕೆಲವು ತಿಂಗಳ ಹಿಂದೆ ಕಾರು ಒಂದು ದೊಡ್ಡ ಗುಂಡಿಗೆ ಬಿದ್ದಿತ್ತು. ಆಮೇಲೆ ಗಾಡಿ ನೇರ ಹೋಗುವಾಗ ಸ್ಟೀರಿಂಗ್ ಸ್ವಲ್ಪ ಓರೆಯಾಗಿರುತ್ತಿತ್ತು. ತಕ್ಷಣ ಒಂದು ಟೈರ್ ಅಂಗಡಿಗೆ ಒಯ್ದೆ. ಕಂಪ್ಯೂಟರ್, ಕ್ಯಾಮೆರಾ, 3ಡಿ ಅಲೈನ್‌ಮೆಂಟ್, ಎಲ್ಲಾ ಇದ್ದ ದೊಡ್ಡ ಅಂಗಡಿ. ನನ್ನನ್ನು ಗಾಜಿನ ರೂಮಿನಲ್ಲಿ ಕೂರಿಸಿ ಕಾಫಿ ಕೊಟ್ಟರು. ಸ್ವಲ್ಪ ಹೊತ್ತಿಗೆ ಬಿಲ್ಲೂ ಪ್ರಿಂಟೂ ಬಂತು. ಓಡಿಸಿ ನೋಡಿದೆ, ಸ್ಟೀರಿಂಗ್ ನೇರ. ಕೈ ಸಡಿಲ ಬಿಟ್ಟರೂ ಗಾಡಿ ಯಾವ ಕಡೆಗೂ ಎಳೆಯುತ್ತಿರಲಿಲ್ಲ. ಇನ್ನೇನು ಅನುಮಾನ ಬರುತ್ತೆ ಹೇಳಿ?

ಘಾಟ್‌ನಲ್ಲಿ ಈ ಅನುಭವ ಆದ ಮೇಲೆ ನಮಗೆ ಬಹಳ ವರ್ಷದಿಂದ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಗಾಡಿಯನ್ನು ಮೇಲೆತ್ತಿ, ಟಾರ್ಚ್ ಹಿಡಿದು, ನನ್ನನ್ನೂ ಕೆಳಗೆ ಕರೆದರು. ಸ್ಟೀರಿಂಗ್‌ನಿಂದ ಚಕ್ರಕ್ಕೆ ಬರುವ ಕಡ್ಡಿಗೆ ಟೈ ರಾಡ್ ಅನ್ನುತ್ತಾರೆ. ಅದರ ತುದಿಯಲ್ಲಿ ಒಂದು ಲಾಕ್ ನಟ್ ಇರುತ್ತದೆ. ಅದನ್ನು ಸಡಿಲಿಸದೆ ಅಲೈನ್‌ಮೆಂಟ್ ಬದಲಿಸೋಕೆ ಆಗುವುದಿಲ್ಲ. ಬಲಗಡೆ ನಟ್ ಮೇಲೆ ಸ್ಪ್ಯಾನರ್ ಹಾಕಿದ ಗುರುತಿತ್ತು, ಪಕ್ಕದ ಥ್ರೆಡ್ ಸ್ವಲ್ಪ ಶುಭ್ರವಾಗಿತ್ತು. ಎಡಗಡೆ ನಟ್ ಮೇಲೆ ತುಕ್ಕು, ತುಕ್ಕಿನ ಮೇಲೆ ಹಳೇ ಕೆಸರು ಗಟ್ಟಿಯಾಗಿ ಕೂತಿತ್ತು. ಅದನ್ನು ಯಾರೂ ಮುಟ್ಟೇ ಇಲ್ಲ ಅನ್ನುವುದು ನನ್ನಂಥವನಿಗೂ ಕಾಣುತ್ತಿತ್ತು.

"ಸಾರ್, ಎಡಗಡೆ ನಟ್ ಜಾಮ್ ಆಗಿದೆ. ರಾಡೂ ಸ್ವಲ್ಪ ಬಗ್ಗಿದೆ. ಇದನ್ನ ಬಿಚ್ಚೋಕೆ ಹೋದ್ರೆ ಟೈಮ್ ಹಿಡಿಯುತ್ತೆ. ಅದಕ್ಕೆ ಬಲಗಡೆ ಒಂದನ್ನೇ ತಿರುಗಿಸಿ ಸ್ಟೀರಿಂಗ್ ನೇರ ಮಾಡಿ ಕಳಿಸಿದ್ದಾರೆ" ಅಂದರು.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕಂದರೆ ಮೋಸ ಇರುವುದೇ ಇಲ್ಲಿ. ಎಡಗಡೆ ರಾಡ್ ಬಗ್ಗಿದ್ದರಿಂದ ಎಡ ಚಕ್ರದ ಮುಂಭಾಗ ಹೊರಕ್ಕೆ ತಿರುಗಿತ್ತು. ಅದನ್ನು ಸರಿ ಮಾಡುವ ಬದಲು ಬಲ ಚಕ್ರವನ್ನೂ ಅಷ್ಟೇ ಹೊರಕ್ಕೆ ತಿರುಗಿಸಿದರು. ಎರಡೂ ಸಮಸಮ ಆಯಿತು. ಹಾಗಾಗಿ ಸ್ಟೀರಿಂಗ್ ನೇರ ಬಂತು, ಗಾಡಿಯೂ ನೇರ ಹೋಯಿತು. ಆದರೆ ಎರಡು ಚಕ್ರವೂ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಹೋಗೋಕೆ ನೋಡುತ್ತಿದ್ದವು. ಇದ್ದ ತಪ್ಪು ಎರಡರಷ್ಟಾಯಿತು, ಕಣ್ಣಿಗೆ ಮಾತ್ರ ಕಾಣದ ಹಾಗಾಯಿತು. ಸ್ಟೀರಿಂಗ್ ನೇರ ಇದೆ, ಗಾಡಿ ಎಳೆಯುತ್ತಿಲ್ಲ ಅನ್ನುವುದು ಅಲೈನ್‌ಮೆಂಟ್ ಸರಿ ಇದೆ ಅನ್ನೋದಕ್ಕೆ ಸಾಕ್ಷಿ ಅಲ್ಲವೇ ಅಲ್ಲ.

ಚಕ್ರಗಳು ಮುಂದುಗಡೆ ಒಳಕ್ಕೆ ತಿರುಗಿವೆಯಾ, ಹೊರಕ್ಕೆ ತಿರುಗಿವೆಯಾ ಅನ್ನುವ ಈ ಅಳತೆಗೆ ಟೋ ಅನ್ನುತ್ತಾರೆ. ಇದು ಎಷ್ಟು ಸಣ್ಣ ಅಳತೆ ಅಂದರೆ ಕೇಳಿ. ಸಣ್ಣ ಕಾರಿನ ಟೈರ್ ಸುಮಾರು 60 ಸೆಂ.ಮೀ. ಎತ್ತರ ಇರುತ್ತದೆ. ಎರಡು ಟೈರ್‌ಗಳ ನಡುವಿನ ಅಂತರ ಹಿಂದುಗಡೆಗಿಂತ ಮುಂದುಗಡೆ ಬರೀ 3 ಮಿ.ಮೀ. ಜಾಸ್ತಿ ಇದೆ ಅಂದುಕೊಳ್ಳಿ. ಲೆಕ್ಕ ಹಾಕಿದರೆ ಒಂದೊಂದು ಟೈರೂ 1 ಕಿ.ಮೀ. ಓಡುವಷ್ಟರಲ್ಲಿ ಸುಮಾರು 2.5 ಮೀಟರ್ ಅಡ್ಡಕ್ಕೆ ಹೋಗಲು ನೋಡುತ್ತದೆ. 10,000 ಕಿ.ಮೀ.ಗೆ 25 ಕಿ.ಮೀ. ಆಯಿತು. ಅಷ್ಟನ್ನೂ ರಸ್ತೆ ಮೇಲೆ ಉಜ್ಜಿಕೊಂಡೇ ತೀರಿಸಬೇಕು. ಓರೆ ಕಾಲು ಹಾಕುವವರ ಚಪ್ಪಲಿ ಒಂದೇ ಕಡೆ ಸವೆಯುವ ಹಾಗೆ ಟೈರೂ ಒಂದೇ ಅಂಚಿನಲ್ಲಿ ಸವೆಯುತ್ತದೆ. ಹೊರಕ್ಕೆ ತಿರುಗಿದ್ದರೆ ಒಳ ಅಂಚು, ಒಳಕ್ಕೆ ತಿರುಗಿದ್ದರೆ ಹೊರ ಅಂಚು.

ಟೋ ಕೆಟ್ಟಿದ್ದರೆ ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ. ಗಾಡಿ ನಿಲ್ಲಿಸಿ, ಟೈರ್ ತಣ್ಣಗಿರುವಾಗ ಗ್ರಿಪ್ ಮೇಲೆ ಅಂಗೈಯನ್ನು ಒಳಗಿನಿಂದ ಹೊರಕ್ಕೆ ಸವರಿ, ಆಮೇಲೆ ಹೊರಗಿನಿಂದ ಒಳಕ್ಕೆ ಸವರಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಥರ ತಡೆದರೆ ಟೋ ಕೆಟ್ಟಿದೆ ಅಂತಲೇ ತಿಳಿದುಕೊಳ್ಳಿ. ತಂತಿ ಎದ್ದಿರಬಹುದು, ಹುಷಾರಾಗಿ ಸವರಿ. ಎರಡೂ ಅಂಚು ಸವೆದು ಮಧ್ಯ ಉಳಿದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದಾರೆ ಅಂತ. ಮಧ್ಯ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಅಲ್ಲಲ್ಲಿ ತಗ್ಗು ಬಿದ್ದ ಹಾಗೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸಿಂಗ್ ಕಡೆ ನೋಡಬೇಕು. ಅಂದ ಹಾಗೆ, ಬ್ಯಾಲೆನ್ಸಿಂಗ್ ಬೇರೆ, ಅಲೈನ್‌ಮೆಂಟ್ ಬೇರೆ. ರಿಮ್‌ಗೆ ಸೀಸದ ತುಂಡು ಅಂಟಿಸುವುದು ಬ್ಯಾಲೆನ್ಸಿಂಗ್. ಅದು ಹೈವೇಯಲ್ಲಿ ಸ್ಟೀರಿಂಗ್ ನಡುಗುವುದನ್ನು ನಿಲ್ಲಿಸುತ್ತದೆ, ಟೋ ಸರಿ ಮಾಡುವುದಿಲ್ಲ.

ಮನೆಗೆ ಬಂದು ಆ ಹಳೇ ಪ್ರಿಂಟನ್ನು ಹುಡುಕಿ ತೆಗೆದೆ. ಮೇಲೆ ಇದ್ದ ಕಾರಿನ ಮಾಡೆಲ್ ನಮ್ಮದಲ್ಲ. ಗಾಡಿ ನಂಬರ್ ಬರೆಯುವ ಜಾಗ ಖಾಲಿ. ಪ್ರತಿ ಮಾಡೆಲ್‌ಗೂ ಕಂಪನಿ ಕೊಟ್ಟ ಅಳತೆ ಬೇರೆ ಬೇರೆ ಇರುತ್ತದೆ. ಬೇರೆ ಮಾಡೆಲ್ ಆರಿಸಿದರೆ ಹಸಿರು ಬಣ್ಣಕ್ಕೆ ಯಾವ ಬೆಲೆಯೂ ಇಲ್ಲ. ಆ ಪ್ರಿಂಟ್ ನಮ್ಮ ಗಾಡಿಯದ್ದೋ ಅಥವಾ ಬೆಳಿಗ್ಗೆ ಬಂದ ಇನ್ಯಾರದೋ ಗಾಡಿಯದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ.

ಹಾಗಾಗಿ ಅಲೈನ್‌ಮೆಂಟ್‌ಗೆ ಹೋದಾಗ ದಯವಿಟ್ಟು ಕಾಫಿ ರೂಮಿನಲ್ಲಿ ಕೂರಬೇಡಿ. ಗಾಡಿ ಪಕ್ಕದಲ್ಲೇ ನಿಲ್ಲಿ. ಮೊದಲು ನಾಲ್ಕೂ ಟೈರ್‌ಗೆ ಗಾಳಿ ಸರಿ ಮಾಡಬೇಕು. ಎಷ್ಟು ಅಂತ ಡ್ರೈವರ್ ಕಡೆ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲೋ ಕಾರಿನ ಪುಸ್ತಕದಲ್ಲೋ ಇರುತ್ತದೆ. ಆಮೇಲೆ ಗಾಡಿ ಮೇಲೆತ್ತಿ, ಚಕ್ರ ಹಿಡಿದು ಅಲ್ಲಾಡಿಸಿ, ಚಕ್ರವನ್ನು ಹಿಡಿದಿರುವ ಕೀಲುಗಳು, ಅಂದರೆ ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಲೋವರ್ ಆರ್ಮ್ ಬುಶ್ ಸಡಿಲ ಇದೆಯಾ ನೋಡಬೇಕು. ಸಡಿಲ ಇರುವ ಗಾಡಿಗೆ ಅಲೈನ್‌ಮೆಂಟ್ ಮಾಡಿಸಿದರೆ ಮುಂದಿನ ಗುಂಡಿಯಲ್ಲೇ ಅದು ಹೋಗುತ್ತದೆ, ದುಡ್ಡು ದಂಡ. ಆ ಮೇಲೆ ನಾಲ್ಕೂ ಚಕ್ರಕ್ಕೆ ಕ್ಯಾಮೆರಾ ನೋಡುವ ಬೋರ್ಡ್ ಕಟ್ಟಿ, ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ತಳ್ಳಿ ಅಳತೆ ತೆಗೆಯುತ್ತಾರೆ. ಪರದೆ ಮೇಲೆ ನಿಮ್ಮದೇ ಮಾಡೆಲ್ ಇದೆಯಾ ನೋಡಿ. ಕೆಲಸ ಶುರು ಮಾಡುವ ಮೊದಲಿನ ಅಳತೆಯ ಫೋಟೋ ತೆಗೆದುಕೊಳ್ಳಿ. ಸ್ಟೀರಿಂಗನ್ನು ನೇರ ಇಟ್ಟು ಲಾಕ್ ಹಾಕಿದ ಮೇಲೆಯೇ ಕೆಳಗೆ ಸ್ಪ್ಯಾನರ್ ಹಿಡಿಯಬೇಕು. "ಎಡಗಡೆ ನಟ್ ಬಿಚ್ಚಿದ್ರಾ, ಬಲಗಡೆದು ಬಿಚ್ಚಿದ್ರಾ?" ಅಂತ ನೇರವಾಗಿ ಕೇಳಿ. ಒಂದು ಕಡೆ ಮುಟ್ಟುವ ಅಗತ್ಯವೇ ಇಲ್ಲದಿರಬಹುದು. ಆಗ ಆ ಕಡೆಯ ಅಳತೆ ಮೊದಲೇ ಸರಿ ಇತ್ತು ಅಂತ ಪರದೆಯಲ್ಲಿ ತೋರಿಸಲಿ. ಕೊನೆಯಲ್ಲಿ ಮೊದಲಿನ ಅಳತೆ, ನಂತರದ ಅಳತೆ ಎರಡೂ ಇರುವ ಪ್ರಿಂಟ್, ಅದರ ಮೇಲೆ ಗಾಡಿ ನಂಬರ್, ಓಡಿರುವ ಕಿ.ಮೀ. ಇರಲೇಬೇಕು.

ಇನ್ನೊಂದು ವಿಷಯದಲ್ಲೂ ಜನ ಮೋಸ ಹೋಗುತ್ತಾರೆ. "ಕ್ಯಾಂಬರ್ ಔಟ್ ಇದೆ ಸಾರ್, ಎಕ್ಸ್‌ಟ್ರಾ ಆಗುತ್ತೆ" ಅನ್ನುತ್ತಾರೆ. ಮುಂದಿನಿಂದ ನೋಡಿದಾಗ ಚಕ್ರ ನೆಟ್ಟಗೆ ನಿಂತಿದೆಯೋ ವಾಲಿದೆಯೋ ಅನ್ನುವುದು ಕ್ಯಾಂಬರ್. ಅದು ಕೆಟ್ಟರೂ ಟೈರ್ ಒಂದು ಕಡೆ ಸವೆಯುವುದು ನಿಜ. ಆದರೆ ನಮ್ಮಲ್ಲಿ ಓಡುವ ಬಹುಪಾಲು ಸಣ್ಣ ಕಾರುಗಳಲ್ಲಿ ತಿರುಗಿಸಿ ಸರಿ ಮಾಡೋಕೆ ಇರುವುದು ಮುಂದಿನ ಟೋ ಮಾತ್ರ. ಕ್ಯಾಂಬರ್ ಕೆಟ್ಟಿದೆ ಅಂದರೆ ಏನೋ ಬಗ್ಗಿದೆ ಅಥವಾ ಸವೆದಿದೆ ಅಂತ ಅರ್ಥ. ಆ ಭಾಗ ಬದಲಿಸಬೇಕು. ಕೆಲವು ಕಡೆ ಹೈಡ್ರಾಲಿಕ್ ಜಾಕ್ ಕೊಟ್ಟು, ಸರಪಳಿ ಕಟ್ಟಿ ಎಳೆದು ಬಗ್ಗಿಸಿಬಿಡುತ್ತಾರೆ. ಚಕ್ರವನ್ನು ಹಿಡಿದು ನಿಲ್ಲಿಸುವ ಕಬ್ಬಿಣವನ್ನು ಹಾಗೆ ಬಗ್ಗಿಸೋಕೆ ಒಪ್ಪಬೇಡಿ.

ಟೈರ್ ಮಧ್ಯದ ಗುರುತು ನೋಡಿ ಸಮಾಧಾನ ಪಟ್ಟುಕೊಳ್ಳುವುದೂ ಅಪಾಯ. ಕಾರಿನ ಟೈರ್‌ನ ಗ್ರಿಪ್ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು ಅಂತ ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಅಷ್ಟು ಎತ್ತರದ ಸಣ್ಣ ದಿಂಡು ಟೈರ್‌ನ ದೊಡ್ಡ ಗೆರೆಗಳ ಒಳಗೆ ಇರುತ್ತದೆ. ಗ್ರಿಪ್ ಅದರ ಮಟ್ಟಕ್ಕೆ ಬಂದರೆ ಟೈರ್ ಬದಲಿಸಬೇಕು. ಆದರೆ ಒಳಗಡೆ ಅಂಚು ತಂತಿ ಕಾಣುವಷ್ಟು ಸವೆದರೂ ಮಧ್ಯದ ಗೆರೆಯಲ್ಲಿ ಆ ದಿಂಡು ಇನ್ನೂ ಆಳದಲ್ಲೇ ಇರಬಹುದು. ನಮ್ಮ ಟೈರ್‌ನಲ್ಲಿ ಹಾಗೇ ಇತ್ತು.

ಸಾಮಾನ್ಯವಾಗಿ 5,000ದಿಂದ 10,000 ಕಿ.ಮೀ. ಒಳಗೆ ಒಮ್ಮೆ ಅಲೈನ್‌ಮೆಂಟ್ ನೋಡಿಸುತ್ತಾರೆ. ಜೋರಾಗಿ ಗುಂಡಿಗೆ ಬಿದ್ದರೆ, ಟೈ ರಾಡ್ ಅಥವಾ ಸ್ಟ್ರಟ್ (ಶಾಕ್ ಅಬ್ಸಾರ್ಬರ್ ಇರುವ ಜೋಡಣೆ) ಬಿಚ್ಚಿ ಹಾಕಿದರೆ ಅಷ್ಟು ಕಾಯಬೇಡಿ. ಟೈರ್‌ಗಳನ್ನು ಮುಂದಿನದು ಹಿಂದಕ್ಕೆ ಬದಲಿಸಿ ಹಾಕಿಸುವುದು ಒಳ್ಳೆಯದೇ, ಆದರೆ ಮೊದಲು ಅಲೈನ್‌ಮೆಂಟ್ ಸರಿ ಮಾಡಿಸಿ. ಇಲ್ಲದಿದ್ದರೆ ಎರಡು ಟೈರ್ ಹಾಳಾಗುವ ಕಡೆ ನಾಲ್ಕು ಹಾಳಾಗುತ್ತವೆ. ಟೈರ್ ಕಂಪನಿಯ ವಾರಂಟಿಯಲ್ಲೂ ಅಲೈನ್‌ಮೆಂಟ್‌ನಿಂದ ಸವೆದದ್ದಕ್ಕೆ ದುಡ್ಡು ಬರುವುದಿಲ್ಲ. ನನಗೂ ಅದೇ ಉತ್ತರ ಸಿಕ್ಕಿತು.

ಆ ಅಂಗಡಿಗೆ ವಾಪಸ್ ಹೋಗಿ ತಂತಿ ಎದ್ದ ಟೈರ್, ತುಕ್ಕು ಹಿಡಿದ ನಟ್‌ನ ಫೋಟೋ, ಬೇರೆ ಮಾಡೆಲ್‌ನ ಪ್ರಿಂಟ್ ಮೂರನ್ನೂ ಮೇಜಿನ ಮೇಲೆ ಇಟ್ಟೆ. ಅಲೈನ್‌ಮೆಂಟ್ ದುಡ್ಡು ವಾಪಸ್ ಕೊಟ್ಟರು, ಟೈರ್‌ನ ಮಾತು ಎತ್ತಿದರೆ ರಸ್ತೆ ಸರಿ ಇಲ್ಲ ಅಂದರು. ಈಗ ದೂರು ಕೊಡುವ ತಯಾರಿಯಲ್ಲಿದ್ದೇನೆ. ನಿಮಗೂ ಹೀಗಾಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕೊಟ್ಟ ದುಡ್ಡು 5 ಲಕ್ಷದವರೆಗಿನದ್ದಾದರೆ ದೂರಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು. ಅದಕ್ಕೆ ಬಿಲ್ ಬೇಕು, ಪ್ರಿಂಟ್ ಬೇಕು, ಹಾಳಾದ ಟೈರೂ ಬೇಕು. ಹೊಸ ಟೈರ್ ಹಾಕಿಸುವಾಗ ಹಳೇದನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ.