ವಾರಪತ್ರಿಕೆಯ ವಿಜ್ಞಾನ ಪುಟ: ಹಳೇ ಚಂದಾದಾರನ ವಿಮರ್ಶೆ

2010ರಿಂದ ಈ ವಾರಪತ್ರಿಕೆ ನಮ್ಮ ಮನೆಗೆ ಬರುತ್ತಿದೆ. ಹೆಸರು ಬೇಡ. ಕಥೆ, ಅಡುಗೆ, ವಾರಭವಿಷ್ಯ ಎಲ್ಲ ಇರುತ್ತೆ. ನಾನು ಮೊದಲು ತೆರೆಯೋದು ವಿಜ್ಞಾನದ ಪುಟ. ಈ ವಿಮರ್ಶೆಯೂ ಅದೊಂದಕ್ಕೇ.

ಮೊದಲು ಹಳೇ ಸಿಟ್ಟು ಹೇಳಿಬಿಡುತ್ತೇನೆ. 2011ರ ಸೆಪ್ಟೆಂಬರ್‌ನಲ್ಲಿ ನ್ಯೂಟ್ರಿನೊ ಅನ್ನೋ ಅತಿಸೂಕ್ಷ್ಮ ಕಣಗಳ ಸುದ್ದಿ ಬಂತಲ್ಲ, ನೆನಪಿದೆಯಾ? ಜಿನೀವಾ ಹತ್ತಿರದ ಸರ್ನ್ ಅನ್ನೋ ಭೌತವಿಜ್ಞಾನ ಸಂಶೋಧನಾ ಕೇಂದ್ರದಿಂದ ಹೊರಟ ಈ ಕಣಗಳು 730 ಕಿ.ಮೀ. ದೂರದ ಇಟಲಿಯ ಗ್ರಾನ್ ಸಾಸ್ಸೊ ಪ್ರಯೋಗಾಲಯಕ್ಕೆ ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮೊದಲೇ ತಲುಪಿದವು ಅಂತ. ನಮ್ಮ ಪತ್ರಿಕೆ ಅದಕ್ಕೆ ಎರಡು ಪುಟ ಕೊಟ್ಟಿತು. ಬೆಳಕಿಗಿಂತ ವೇಗವಾಗಿ ಏನೂ ಹೋಗಲ್ಲ ಅಂದಿದ್ದ ಐನ್‌ಸ್ಟೈನ್ ಸೋತೇಹೋದರು ಅನ್ನೋ ಧಾಟಿಯ ತಲೆಬರಹ ಬೇರೆ. ಆ ವಿಜ್ಞಾನಿಗಳೇ, ತಪ್ಪೆಲ್ಲಿದೆ ನೀವೂ ಹುಡುಕಿ ಅಂತ ಬೇರೆಯವರನ್ನು ಕೇಳಿಕೊಂಡಿದ್ದರು. ಲೇಖನದಲ್ಲಿ ಆ ಮಾತೇ ಇರಲಿಲ್ಲ. 2012ರಲ್ಲಿ ಗುಟ್ಟು ರಟ್ಟಾಯಿತು. ಒಂದು ಆಪ್ಟಿಕಲ್ ಫೈಬರ್ ಕೇಬಲ್ ಸರಿಯಾಗಿ ಕೂತಿರಲಿಲ್ಲ, ಗಡಿಯಾರದಲ್ಲೂ ಎಡವಟ್ಟಿತ್ತು. ಇದಕ್ಕೆ ನಮ್ಮ ಪತ್ರಿಕೆ ಒಂದು ಸಾಲೂ ಕೊಡಲಿಲ್ಲ. ಮಾರನೇ ವರ್ಷ ನನ್ನ ಮಗ ಆ ಹಳೇ ಕಟಿಂಗನ್ನೇ ಪ್ರಾಜೆಕ್ಟಿಗೆ ಅಂಟಿಸಿಕೊಂಡು ಹೋಗಿ ಟೀಚರ್ ಹತ್ತಿರ ಬೈಸಿಕೊಂಡು ಬಂದ. ಕತ್ತರಿಸಿ ಎತ್ತಿಟ್ಟಿದ್ದವನು ನಾನೇ.

ಆರೋಗ್ಯದ ಸುದ್ದಿ ಇನ್ನೂ ಕಷ್ಟ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಾಸೇಜ್, ಬೇಕನ್ ತರಹದ ಸಂಸ್ಕರಿಸಿದ ಮಾಂಸದ ಬಗ್ಗೆ ಎಚ್ಚರಿಸಿತು. ದಿನಾ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಶೇ 18ರಷ್ಟು ಹೆಚ್ಚುತ್ತೆ ಅಂತ. ಪತ್ರಿಕೆ 18 ಅನ್ನು ದಪ್ಪಕ್ಷರದಲ್ಲಿ ಹಾಕಿತು, ‘ದಿನಾ’ ಅನ್ನೋದನ್ನು ಬಿಟ್ಟಿತು. ಯಾವುದರ ಮೇಲೆ ಶೇ 18? ನೂರು ಜನರಲ್ಲಿ ಐದು ಜನಕ್ಕೆ ಬರುವ ರೋಗ ಅಂದುಕೊಳ್ಳಿ. ಅದು ಹೆಚ್ಚುಕಮ್ಮಿ ಆರಾಗುತ್ತೆ, ಅಷ್ಟೇ. ಕ್ರಿಸ್‌ಮಸ್‌ಗೆ ಒಂದು ಸಾಸೇಜ್ ತಿನ್ನುವ ನನ್ನ ಭಾವ ತಿಂಗಳುಗಟ್ಟಲೆ ಸುಮ್ನೆ ಹೆದರಿದ್ದರು.

ಹಾಗಂತ ಎಲ್ಲವೂ ಹೊಟ್ಟಲ್ಲ. ಈಚೆಗೆ ಬರೆಯುತ್ತಿರುವವರು ಯಾರೋ ಚೆನ್ನಾಗಿ ಓದಿಕೊಂಡವರು. 2023ರ ಆಗಸ್ಟ್ 23ರಂದು ಚಂದ್ರಯಾನ–3 ಇಳಿದಾಗ ಎಲ್ಲೆಲ್ಲೂ ‘ದಕ್ಷಿಣ ಧ್ರುವ’ದ್ದೇ ಗಲಾಟೆ. ಇವರು ಮಾತ್ರ ಅದರ ಲ್ಯಾಂಡರ್ ವಿಕ್ರಮ್ ಇಳಿದ ಜಾಗ ಸುಮಾರು 69 ಡಿಗ್ರಿ ದಕ್ಷಿಣದಲ್ಲಿದೆ, ಧ್ರುವ ಅಲ್ಲಿಂದ 600 ಕಿ.ಮೀ.ಗೂ ಆಚೆ ಅಂತ ಬರೆದರು. ನೇರ ಗೆರೆ ಎಳೆದರೆ ಬೆಂಗಳೂರಿನಿಂದ ಬೀದರ್‌ಗೂ ಅಷ್ಟಾಗಲ್ಲ! ಹಿಂದೆ ಯಾರೂ ಅಷ್ಟು ದಕ್ಷಿಣಕ್ಕೆ ಮೆತ್ತಗೆ ಇಳಿದಿರಲಿಲ್ಲ ಅನ್ನೋದನ್ನೂ ಹೇಳಿದರು. ಹೆಮ್ಮೆ ಏನೂ ಕಮ್ಮಿಯಾಗಲಿಲ್ಲ, ಅಲ್ವಾ?

ಚಿತ್ರಗಳು ಪರವಾಗಿಲ್ಲ. ಮುದ್ರಣ ಚೆನ್ನಾಗಿದೆ. ಪಕ್ಕದಲ್ಲೇ ವಾತ, ಪಿತ್ತ ಎಲ್ಲಕ್ಕೂ ಒಂದೇ ಮಾತ್ರೆಯ ಜಾಹೀರಾತು ಹಾಕೋದನ್ನು ಮಾತ್ರ ಬಿಟ್ಟಿಲ್ಲ.

5ಕ್ಕೆ 3 ಅಂಕ. ಹಳೇ ಸುದ್ದಿ ಏನಾಯಿತು ಅಂತ ತಿಂಗಳಿಗೊಮ್ಮೆ ಕಾಲು ಪುಟ ಕೊಟ್ಟರೆ 4 ಕೊಡುತ್ತೇನೆ. ಹಾಗಂತ ಸಂಪಾದಕರಿಗೆ ಎರಡು ಸಲ ಕಾಗದ ಬರೆದಿದ್ದೇನೆ, ಉತ್ತರ ಬಂದಿಲ್ಲ. ಮೂರು ವರ್ಷದ ಚಂದಾ ಕಟ್ಟಿದರೆ ಜಾಸ್ತಿ ರಿಯಾಯಿತಿ ಅಂದರು. ಈ ಸಲ ಒಂದೇ ವರ್ಷಕ್ಕೆ ಕಟ್ಟಿದ್ದೇನೆ.